ಬಳಪಕ್ಕಿಂತ ಮೊದಲು ಬೆರಳು

ಲಿಂಗವಂತರ ಜೀವನದಲ್ಲಿ ಅಂಗೈಗೆ ಇರುವಷ್ಟು ಗೌರವ ದೇಹದ ಮತ್ತಾವ ಅಂಗಕ್ಕೂ ಇದ್ದಂತೆ ತೋರುವುದಿಲ್ಲ. ಇಷ್ಟಲಿಂಗಕ್ಕೆ ಪೀಠವಾಗುವುದು ಎಡ ಅಂಗೈ. ಅದನ್ನು ಅರ್ಚಿಸುವುದು ಬಲಗೈ. ಹಣೆಗೆ ವಿಭೂತಿಯನ್ನು ಧರಿಸುವವು ಮೂರು ಬೆರಳುಗಳು. ಜಪಮಾಲೆಯ ಮಣಿಗಳನ್ನು ಒಂದೊಂದಾಗಿ ಸರಿಸುವುದು ಹೆಬ್ಬೆರಳು. ದುಡಿದುಣ್ಣುವ ಕಾಯಕಕ್ಕೂ, ನೀಡಿ ನಲಿಯುವ ದಾಸೋಹಕ್ಕೂ ಕೈಯೇ ಸಾಧನ. ಇಂತಹ ಕೈಯನ್ನು ಎಳೆಯ ಮಕ್ಕಳಲ್ಲಿ ನಾವು ಹೇಗೆ ಹದಗೊಳಿಸುತ್ತಿದ್ದೇವೆ ಎಂಬ ವಿಚಾರವನ್ನು ಈ ತಿಂಗಳು ಭಕ್ತಬಂಧುಗಳ, ವಿಶೇಷವಾಗಿ ತಾಯಂದಿರ, ಮುಂದೆ ಇಡಬಯಸುತ್ತೇವೆ.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಭಾಗದ ಮನೆಗಳಲ್ಲಿ ಮೂರು ನಾಲ್ಕು ವರ್ಷದ ಮಕ್ಕಳ ಕುರಿತು ಎರಡು ಮಾತುಗಳು ನಮ್ಮ ಕಿವಿಗೆ ಮೇಲಿಂದ ಮೇಲೆ ಬೀಳುತ್ತವೆ. ಒಂದು ಅಭಿಮಾನದ್ದು: "ನಮ್ಮ ಕೂಸು ನೂರರ ಮಟ ಎಣಸತೈತ್ರಿ." ಇನ್ನೊಂದು ಅಳಲಿನದು: "ಬರಿಯಾಕ ಕುಂದ್ರಿಸಿದ್ರ ಸಾಕು, ಅಳಾಕ ಹತ್ತತೈತ್ರಿ." ಈ ಎರಡೂ ಮಾತುಗಳನ್ನು ಒಂದೇ ಮಗುವಿನ ಬಗ್ಗೆ ಒಬ್ಬ ತಾಯಿಯೇ ಹೇಳುವುದುಂಟು. ಮಗುವಿನ ಮುಂದೆ ಒಂದು ತಟ್ಟೆ ಕಡಲೆಕಾಳನ್ನಿಟ್ಟು, "ತಮ್ಮಾ, ಇದರಾಗಿನ ನಾಕು ಕಾಳು ನನ್ನ ಕೈಯಾಗ ಹಾಕು" ಎಂದು ಕೇಳಿ ನೋಡಿರಿ. ನೂರರವರೆಗೆ ಹೇಳಬಲ್ಲ ಎಷ್ಟೋ ಮಕ್ಕಳು ಹಿಡಿ ತುಂಬ ಕಾಳನ್ನು ಬಾಚಿ ಸುರಿಯುತ್ತವೆ. ನೂರು ಬಂದಿದೆ, ನಾಲ್ಕು ಬಂದಿಲ್ಲ! ಇದು ಮಗುವಿನ ದೋಷವಲ್ಲ. ಸಂಖ್ಯೆಯು ಕೈಯನ್ನು ಹಾಯದೆ ನೇರವಾಗಿ ನಾಲಗೆಗೆ ಹೋಗಿದೆ. ಬಳಪವು ಕೈ ಹದಗೊಳ್ಳುವ ಮೊದಲೇ ಬೆರಳ ನಡುವೆ ಬಂದಿದೆ. ತಾಯಿಯ ಅಭಿಮಾನಕ್ಕೂ ಅಳಲಿಗೂ ಮೂಲ ಇದೊಂದೇ.

ಎಣಿಕೆಯೆಂದರೆ ಬರಿಯ ಬಾಯಿಪಾಠವಲ್ಲವೆಂಬುದನ್ನು ವಿದ್ವಾಂಸರು ಸ್ಪಷ್ಟವಾಗಿ ತೋರಿಸಿಕೊಟ್ಟಿದ್ದಾರೆ. ರೋಶೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ೧೯೭೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎಣಿಕೆಗೆ ಐದು ತತ್ತ್ವಗಳನ್ನು ಹೇಳಿದರು. ಒಂದು ವಸ್ತುವಿಗೆ ಒಂದೇ ಸಂಖ್ಯಾಪದ ಸಲ್ಲಬೇಕು. ಯಾವುದನ್ನೂ ಬಿಡಬಾರದು, ಯಾವುದನ್ನೂ ಎರಡು ಸಲ ಎಣಿಸಬಾರದು. ಸಂಖ್ಯಾಪದಗಳ ಕ್ರಮ ಬದಲಾಗಬಾರದು. ಕೊನೆಗೆ ಹೇಳಿದ ಪದವೇ ಒಟ್ಟು ಗುಂಪಿನ ಮೊತ್ತವೆಂಬ ಅರಿವು ಮೂಡಬೇಕು. ಯಾವ ವಸ್ತುವನ್ನಾದರೂ ಎಣಿಸಬಹುದೆಂದು ತಿಳಿಯಬೇಕು. ಎಡದಿಂದ ಎಣಿಸಿದರೂ ಬಲದಿಂದ ಎಣಿಸಿದರೂ ಮೊತ್ತ ಒಂದೇ ಎಂಬುದು ಮನದಟ್ಟಾಗಬೇಕು. ಇವುಗಳಲ್ಲಿ ಎರಡನೆಯದೊಂದು ಮಾತ್ರ ಬಾಯಿಪಾಠದಿಂದ ಬರತಕ್ಕದ್ದು. ಉಳಿದ ನಾಲ್ಕಕ್ಕೂ ಮಗು ವಸ್ತುವನ್ನು ಮುಟ್ಟಬೇಕು, ಎತ್ತಬೇಕು, ಸರಿಸಬೇಕು, ಬೇರೆಡೆಗೆ ಇಡಬೇಕು.

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆಯವರು ೧೯೪೧ರಷ್ಟು ಹಿಂದೆಯೇ ತಮ್ಮ ಗ್ರಂಥದಲ್ಲಿ ಇನ್ನೊಂದು ಸಂಗತಿಯನ್ನು ವಿವರಿಸಿದ್ದರು. ಎರಡು ಸಾಲುಗಳಲ್ಲಿ ಸಮನಾಗಿ ವಸ್ತುಗಳನ್ನು ಜೋಡಿಸಿ, ಆಮೇಲೆ ಒಂದು ಸಾಲನ್ನು ಮಗುವಿನ ಕಣ್ಣೆದುರಿಗೇ ಅಗಲಿಸಿದರೆ, ನಾಲ್ಕೈದು ವರ್ಷದ ಮಗು ಉದ್ದವಾದ ಸಾಲಿನಲ್ಲಿಯೇ ಹೆಚ್ಚಿವೆ ಎನ್ನುತ್ತದೆ. ಕಣ್ಣು ಮೋಸಹೋಗುತ್ತದೆ. ಆ ಮೋಸವನ್ನು ಬೋಧನೆಯಿಂದ ಕಳೆಯಲು ಬಾರದು; ತಾನೇ ಕೂಡಿಸಿ, ಬಿಡಿಸಿ, ಮರಳಿ ಕೂಡಿಸಿ ನೋಡಿದ ಕೈಯಿಂದಲೇ ಅದು ಕ್ರಮೇಣ ಕಳೆಯಬೇಕು.

ಇನ್ನು ಕೈಯ ವಿಚಾರ. ಮನುಷ್ಯನ ಮಣಿಕಟ್ಟಿನಲ್ಲಿ ಎಂಟು ಕಿರುಎಲುಬುಗಳಿವೆ. ಹುಟ್ಟುವಾಗ ಅವು ಎಲುಬಾಗಿರದೆ ಮೃದುವಾದ ಕುರುಚೆಲುಬಿನ ರೂಪದಲ್ಲಿರುತ್ತವೆ. ಮೊದಲ ಕೆಲವು ತಿಂಗಳುಗಳಿಂದ ಒಂದೊಂದಾಗಿ ಗಟ್ಟಿಯಾಗತೊಡಗಿ, ಕೊನೆಯದು ಎಲುಬಾಗತೊಡಗುವ ಹೊತ್ತಿಗೆ ಮಗುವಿಗೆ ಎಂಟರಿಂದ ಹನ್ನೆರಡು ವರ್ಷಗಳಾಗಿರುತ್ತವೆ. ಐದಾರು ತಿಂಗಳ ಕೂಸು ವಸ್ತುವನ್ನು ಇಡೀ ಅಂಗೈಯಿಂದ ಬಾಚುತ್ತದೆ. ಸುಮಾರು ಒಂಬತ್ತು ಹತ್ತು ತಿಂಗಳಿಗೆ ಹೆಬ್ಬೆರಳು ಮತ್ತು ತೋರುಬೆರಳುಗಳ ತುದಿಯಿಂದ ಮಂಡಕ್ಕಿಯ ಒಂದು ಕಾಳನ್ನು ಹೆಕ್ಕಲು ಕಲಿಯುತ್ತದೆ. ನೋಡುವವರಿಗೆ ಅಲ್ಪವೆನಿಸುವ ಈ ಹೆಕ್ಕುವಿಕೆಯೇ ಮುಂದೆ ಬಳಪ ಹಿಡಿಯುವುದಕ್ಕೂ, ಗುಂಡಿ ಹಾಕಿಕೊಳ್ಳುವುದಕ್ಕೂ, ಸೂಜಿಗೆ ದಾರ ಪೋಣಿಸುವುದಕ್ಕೂ ತಳಪಾಯ.

೧೯೩೭ರಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಮತ್ತು ಅವರ ಸಹೋದ್ಯೋಗಿ ಪ್ರಕಟಿಸಿದ ಸಂಶೋಧನೆಯು ಮೆದುಳಿನ ಮೇಲ್ಪದರದಲ್ಲಿ ದೇಹದ ಯಾವ ಭಾಗಕ್ಕೆ ಎಷ್ಟು ಸ್ಥಳವಿದೆ ಎಂಬುದನ್ನು ತೋರಿಸಿತು. ಇಡೀ ಮುಂಡಕ್ಕೆ ದೊರೆತ ಸ್ಥಳಕ್ಕಿಂತ ಕೈಬೆರಳುಗಳಿಗೆ ದೊರೆತ ಸ್ಥಳವೇ ಬಹಳ ಹೆಚ್ಚು. ಬೆರಳನ್ನು ದುಡಿಸಿದಾಗ ಮೆದುಳಿನ ಬಹುದೊಡ್ಡ ಕ್ಷೇತ್ರವೊಂದು ದುಡಿಯುತ್ತದೆ ಎಂದಾಯಿತು. ಇಂದು ಮನೆಮನೆಗಳಲ್ಲಿ ಮಗುವಿನ ಕೈಗೆ ಬಂದಿರುವ ಮೊಬೈಲ್ ಈ ದೃಷ್ಟಿಯಿಂದ ತೀರ ಬಡವಾದ ವಸ್ತು. ಅದರ ಪರದೆಯ ಮೇಲೆ ಸೇಬುಹಣ್ಣುಗಳನ್ನು ಎಣಿಸುವ ಆಟಗಳುಂಟು, ನಿಜ. ಆದರೆ ಆ ಸೇಬಿಗೆ ತೂಕವಿಲ್ಲ, ದುಂಡಿಲ್ಲ, ತಂಪಿಲ್ಲ. ಹತ್ತು ಬೆರಳುಗಳ ಪೈಕಿ ಒಂದು ಬೆರಳು ಗಾಜನ್ನು ಸವರುತ್ತದೆ. ಒಂಬತ್ತು ಬೆರಳುಗಳು ಸುಮ್ಮನಿರುತ್ತವೆ.

ಕೈಗೂ ಎಣಿಕೆಗೂ ಇರುವ ಈ ನಂಟನ್ನು ಶಿಕ್ಷಣದ ಕೇಂದ್ರಕ್ಕೆ ತಂದವರು ಇಟಲಿಯ ವೈದ್ಯೆ ಮರಿಯಾ ಮಾಂಟೆಸರಿ. ೧೯೦೭ರ ಜನವರಿಯಲ್ಲಿ ರೋಮ್ ನಗರದ ಬಡವರ ಬೀದಿಯೊಂದರಲ್ಲಿ ಅವರು ತಮ್ಮ ಮೊದಲ ಶಿಶುಮಂದಿರವನ್ನು ಆರಂಭಿಸಿದರು. ೧೯೩೯ರಲ್ಲಿ ಮದ್ರಾಸಿಗೆ ಬಂದ ಆ ತಾಯಿ ಮಹಾಯುದ್ಧದ ಕಾರಣದಿಂದ ೧೯೪೬ರವರೆಗೂ ನಮ್ಮ ದೇಶದಲ್ಲಿಯೇ ಉಳಿದು ಅನೇಕ ಶಿಕ್ಷಕರನ್ನು ಸಿದ್ಧಗೊಳಿಸಿದರು. ಅವರು ರೂಪಿಸಿದ ಒಂದು ಸಾಧನದಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಗೂಡುಗಳಿರುತ್ತವೆ. ಜೊತೆಗೆ ನಲವತ್ತೈದು ಕದಿರುಕಡ್ಡಿಗಳು. ಮಗು ಒಂದರ ಗೂಡಿಗೆ ಒಂದು, ಎರಡರ ಗೂಡಿಗೆ ಎರಡು, ಹೀಗೆ ಕಡ್ಡಿಗಳನ್ನು ಹಿಡಿಯಲ್ಲಿ ಕೂಡಿಸಿ ಇಡುತ್ತ ಹೋಗುತ್ತದೆ. ಒಂಬತ್ತಕ್ಕೆ ಬಂದಾಗ ಹಿಡಿ ತುಂಬುತ್ತದೆ. ಒಂಬತ್ತು ದೊಡ್ಡದೆಂಬುದು ಕೈಗೇ ಗೊತ್ತಾಗುತ್ತದೆ. ಎಲ್ಲಿಯೋ ತಪ್ಪಿದ್ದರೆ ಕೊನೆಯ ಗೂಡಿಗೆ ಕಡ್ಡಿ ಸಾಲದು ಅಥವಾ ಮಿಗುತ್ತದೆ; ಬೈಯುವವರ ಅವಶ್ಯಕತೆಯಿಲ್ಲದೆ ಮಗುವೇ ತಪ್ಪನ್ನು ಕಂಡುಕೊಳ್ಳುತ್ತದೆ. ಸೊನ್ನೆಯ ಗೂಡು ಖಾಲಿಯಾಗಿಯೇ ಉಳಿಯುತ್ತದೆ. ಶೂನ್ಯಸಿಂಹಾಸನದ ಪರಂಪರೆಯಲ್ಲಿ ಬೆಳೆದ ನಮಗೆ, ಏನೂ ಇಲ್ಲದ ಸ್ಥಳಕ್ಕೂ ಒಂದು ಹೆಸರು, ಒಂದು ಪೀಠ ಉಂಟೆಂಬುದನ್ನು ಮಗುವಿಗೆ ತಿಳಿಹೇಳುವುದು ಕಷ್ಟವಾಗಬಾರದು.

ಇಂಥ ಸಾಧನವನ್ನು ಪೇಟೆಯಿಂದ ಕೊಂಡು ತರಬೇಕೆಂದೇನಿಲ್ಲ. ನಮ್ಮ ನಾಡಿನ ಮೂರು ಊರುಗಳೂ ಬೆರಳಿನ ಕೆಲಸಕ್ಕೇ ಹೆಸರಾದವುಗಳು.

ಹಾವೇರಿಯನ್ನು ಏಲಕ್ಕಿ ಕಂಪಿನ ಊರೆಂದು ಕರೆಯುತ್ತಾರೆ. ಇಲ್ಲಿಯ ಏಲಕ್ಕಿ ಹಾರಗಳು ನಾಡಿನ ಹಿರಿಯರ ಕೊರಳನ್ನೆಲ್ಲ ಅಲಂಕರಿಸಿವೆ. ೨೦೨೩ರ ಜನವರಿಯಲ್ಲಿ ೮೬ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲಿ ಜರುಗಿತು. ಆಗ ಊರೂರಿನಿಂದ ಬಂದವರಿಗೆಲ್ಲ ಈ ಹೆಸರಿನ ನೆನಪಾಯಿತು. ಏಲಕ್ಕಿಯನ್ನು ಒಂದೊಂದಾಗಿ ಸೂಜಿಗೆ ಕೊಡುತ್ತ, ಎಳೆಗಳನ್ನು ಸಮನಾಗಿ ಎಣಿಸಿ ಕೂಡಿಸುವ ಆ ಕುಶಲ ಕೈಗಳ ಕೆಲಸವೇ ಮಗುವಿಗೆ ಮಾದರಿಯಾಗಬಲ್ಲುದು. ಸೂಜಿ ಬೇಡ. ಮೂರು ವರ್ಷ ತುಂಬಿದ ಮಗುವಿಗೆ ದಪ್ಪ ಮಣಿಗಳನ್ನೂ, ತುದಿಗೆ ಮೇಣ ಹಚ್ಚಿ ಗಟ್ಟಿ ಮಾಡಿದ ದಪ್ಪ ದಾರವನ್ನೂ ಕೊಡಿರಿ. ಮೊದಲು ಐದು ಮಣಿಯ ಸರ. ಅದು ಸಲೀಸಾದ ಮೇಲೆ ಎರಡು ಕೆಂಪು, ಒಂದು ಬಿಳಿ ಎಂಬ ಕ್ರಮದ ಸರ. ಒಂದು ಕೈ ದಾರವನ್ನು ಹಿಡಿದಿರುತ್ತದೆ, ಇನ್ನೊಂದು ಮಣಿಯನ್ನು ತರುತ್ತದೆ. ಎರಡೂ ಕೈಗಳು ಒಂದೇ ಕೆಲಸಕ್ಕಾಗಿ ಒಂದಾಗುವುದನ್ನು ಮಗು ಹೀಗೆ ಕಲಿಯುತ್ತದೆ.

ರಾಣೇಬೆನ್ನೂರಿನ ಸುತ್ತಲಿನ ಎರೆಹೊಲಗಳಲ್ಲಿ ಹತ್ತಿಯೂ ಗೋವಿನಜೋಳವೂ ಬೆಳೆಯುತ್ತವೆ. ಒಡೆದ ಹತ್ತಿಕಾಯಿಯೊಳಗೆ ಎಷ್ಟು ತೊಳೆಗಳಿವೆ ಎಂದು ಬಿಡಿಸಿ ಎಣಿಸುವುದು, ತೊಳೆಯಿಂದ ಬೀಜವನ್ನು ಬೇರ್ಪಡಿಸುವುದು, ಅಜ್ಜಿಯ ಪಕ್ಕದಲ್ಲಿ ಕುಳಿತು ದೀಪಕ್ಕೆ ಐದು ಬತ್ತಿ ಹೊಸೆಯುವುದು ಬೆರಳ ತುದಿಗೆ ಉತ್ತಮವಾದ ಅಭ್ಯಾಸ. ಗೋವಿನಜೋಳದ ಒಣಗಿದ ತೆನೆಯಿಂದ ಹೆಬ್ಬೆರಳಿನಿಂದ ಒತ್ತಿ ಕಾಳು ಬಿಡಿಸಲು ಮಗುವಿಗೆ ಸಾಕಷ್ಟು ಬಲ ಬೇಕಾಗುತ್ತದೆ. ಆ ತೆನೆಯಲ್ಲಿ ಒಂದು ಸೋಜಿಗವೂ ಅಡಗಿದೆ. ಸುತ್ತಲೂ ಇರುವ ಕಾಳಿನ ಸಾಲುಗಳನ್ನು ಎಣಿಸಿದರೆ ಹನ್ನೆರಡು, ಹದಿನಾಲ್ಕು, ಹದಿನಾರು ಹೀಗೆ ಸಮಸಂಖ್ಯೆಯೇ ಬರುತ್ತದೆ; ಹೂಗೊಂಚಲು ಜೋಡಿಜೋಡಿಯಾಗಿ ಕಟ್ಟಿಕೊಳ್ಳುವುದು ಅದಕ್ಕೆ ಕಾರಣ. ಐದಾರು ವರ್ಷದ ಮಕ್ಕಳಿಗೆ ಇದನ್ನು ಹೇಳಿಕೊಡದೆ, ನಾಲ್ಕೈದು ತೆನೆಗಳನ್ನು ಕೊಟ್ಟು ತಾವೇ ಕಂಡುಕೊಳ್ಳಲು ಬಿಡುವುದು ಲೇಸು.

ಬ್ಯಾಡಗಿಯ ಮೆಣಸಿನಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಉದ್ದನೆಯ ಕಡ್ಡಿ, ಗಿಡ್ಡನೆಯ ಡಬ್ಬಿ ಎಂದು ಅದರಲ್ಲಿ ಎರಡು ಬಗೆ. ಅಲ್ಲಿಯ ತಾಯಂದಿರು ಕಾಯಿಯ ತೊಟ್ಟು ಬಿಡಿಸುವ, ಆರಿಸಿ ಬೇರೆ ಮಾಡುವ ವೇಗವನ್ನು ಕಂಡವರು ಬೆರಗಾಗದಿರರು. ಆದರೆ ಮಕ್ಕಳ ಕೈಗೆ ಮಾತ್ರ ಮೆಣಸಿನಕಾಯಿ ಕೂಡದು. ಅದೇ ಬೆರಳು ಕಣ್ಣಿಗೆ ಹೋದರೆ ಆಗುವ ಸಂಕಟ ಸಣ್ಣದಲ್ಲ. ಆರಿಸುವ ಆ ಜಾಣ್ಮೆಯನ್ನು ಮಗು ಕಡಲೆ, ಹೆಸರು, ಅವರೆಗಳನ್ನು ಕಲಸಿದ ತಟ್ಟೆಯಲ್ಲಿ ಕಲಿಯಲಿ. ಮೂರು ಬಟ್ಟಲುಗಳಿಗೆ ಬೇರ್ಪಡಿಸಿ, ಪ್ರತಿಯೊಂದರಲ್ಲಿ ಎಷ್ಟು ಕಾಳುಗಳಿವೆ ಎಂದು ಎಣಿಸಲಿ.

ಒಂದು ಕಾಲಕ್ಕೆ ಲಗ್ನದ ಮನೆಗಳಲ್ಲಿ ಹೆಣ್ಣುಮಕ್ಕಳೆಲ್ಲ ಕೂಡಿ ಗವಲಿ, ಪರಡಿ, ಬಟವಿಗಳನ್ನು ಮಾಡುತ್ತಿದ್ದರು. ರವೆಯ ಕಣಕವನ್ನು ಬೆರಳ ತುದಿಯಲ್ಲಿ ಹೊಸೆದು ಹೊಸೆದು ಹರವುವ ಆ ಕೆಲಸದ ಮಗ್ಗುಲಲ್ಲಿ ಮಕ್ಕಳಿಗೂ ಒಂದು ಉಂಡೆ ಕಣಕ ಸಿಗುತ್ತಿತ್ತು. ಈಗ ಅವು ಪೊಟ್ಟಣಗಳಲ್ಲಿ ಬರುತ್ತವೆ. ಹಳೆಯದನ್ನೆಲ್ಲ ಮರಳಿ ತರಲಾಗದು. ಆದರೆ ರೊಟ್ಟಿ ಬಡಿಯುವಾಗ ಒಂದು ನಿಂಬೆಗಾತ್ರದ ಹಿಟ್ಟನ್ನು ಮಗುವಿಗೆ ಕೊಟ್ಟು, "ಹತ್ತು ಗುಂಡ ಮಾಡು" ಎನ್ನಲು ತಾಯಿಗೆ ಯಾವ ಖರ್ಚೂ ಇಲ್ಲ. ಅಟ್ಟದ ಮೇಲೆ ಅಳಗುಳಿಮಣೆ ಇದ್ದರೆ ಕೆಳಗಿಳಿಸಿರಿ. ಎರಡು ಸಾಲಿಗೆ ಏಳರಂತೆ ಹದಿನಾಲ್ಕು ಗುಳಿಗಳು; ಗುಳಿಗೆ ನಾಲ್ಕರಂತೆ ಹಾಕಿದರೆ ಐವತ್ತಾರು ಹುಣಸೆಬೀಜಗಳು. ಹಿಡಿಯಲ್ಲಿ ಬೀಜಗಳನ್ನಿಟ್ಟುಕೊಂಡು ಗುಳಿಗೊಂದರಂತೆ ಬಿಡುತ್ತ ಹೋಗುವಾಗ, ಒಂದು ವಸ್ತುವಿಗೆ ಒಂದೇ ಎಣಿಕೆ ಎಂಬ ತತ್ತ್ವವನ್ನು ಮಗುವಿನ ಕೈ ಆಡುತ್ತಾಡುತ್ತಲೇ ಅರಗಿಸಿಕೊಳ್ಳುತ್ತದೆ.

ಪೂಜೆಯ ಹೊತ್ತಿನಲ್ಲಿಯೂ ಎಣಿಕೆ ಉಂಟು. ಒಂದು ಬಿಲ್ವಪತ್ರೆಗೆ ಮೂರು ದಳ. ಎರಡಕ್ಕೆ ಆರು, ಮೂರಕ್ಕೆ ಒಂಬತ್ತು. ಪಂಚಾಕ್ಷರಿಯ ಒಂದೊಂದು ಅಕ್ಷರಕ್ಕೆ ಒಂದೊಂದು ಬೆರಳನ್ನು ಮಡಚಿದರೆ ಒಂದು ಕೈ ಪೂರ್ಣವಾಗುತ್ತದೆ. ಹೆಬ್ಬೆರಳನ್ನು ಬಿಟ್ಟು ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳನ್ನು ಎಣಿಸಿದರೆ ಹನ್ನೆರಡು. ಆ ಹನ್ನೆರಡನ್ನು ಒಂಬತ್ತು ಸಲ ಸುತ್ತಿ ಬಂದರೆ ಜಪಮಾಲೆಯ ನೂರೆಂಟು. ನಮ್ಮ ಹಿರಿಯರು ಕೈಯನ್ನೇ ಮಣಿಮಾಲೆ ಮಾಡಿಕೊಂಡಿದ್ದರು. ಇವೆಲ್ಲ ಮಗುವಿನ ಸಂತೋಷದಿಂದ ನಡೆಯಬೇಕೇ ಹೊರತು ಕಟ್ಟಳೆಯ ಭಾರದಿಂದಲ್ಲ. ನಾಲ್ಕು ವರ್ಷದ ಮಗುವನ್ನು ನೂರೆಂಟು ಜಪಕ್ಕೆ ಕೂಡಿಸುವುದು ಭಕ್ತಿಯೂ ಅಲ್ಲ, ಶಿಕ್ಷಣವೂ ಅಲ್ಲ.

ಬೆರಳಿನ ಎಣಿಕೆ ಎಷ್ಟು ಎತ್ತರಕ್ಕೆ ಒಯ್ಯಬಲ್ಲುದೆಂಬುದಕ್ಕೆ ನಮ್ಮ ಜಿಲ್ಲೆಯ ಮಣ್ಣೇ ಸಾಕ್ಷಿ ನುಡಿಯುತ್ತದೆ. ರಾಣೇಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ ೧೮೬೭ರಲ್ಲಿ ಜನಿಸಿ, ೧೯೦೯ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಅಂಧಬಾಲಕನೊಬ್ಬನಿಗೆ ಸಂಗೀತ ಕಲಿಸಲು ಏರ್ಪಾಡು ಮಾಡಿದರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳು. ಅವರ ಶಿಷ್ಯರಾದ, ೧೯೧೪ರಲ್ಲಿ ಅದೇ ತಾಲೂಕಿನ ದೇವಗಿರಿಯಲ್ಲಿ ಜನಿಸಿದ ಪುಟ್ಟರಾಜ ಗವಾಯಿಗಳು ೨೦೧೦ರಲ್ಲಿ ಲಿಂಗೈಕ್ಯರಾಗುವವರೆಗೂ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಾವಿರಾರು ಮಕ್ಕಳನ್ನು ಬೆಳೆಸಿದರು. ಕಣ್ಣಿಲ್ಲದ ಮಗುವಿಗೆ ತ್ರಿತಾಳದ ಹದಿನಾರು ಮಾತ್ರೆಗಳು ಹಲಗೆಯ ಮೇಲೆ ಕಾಣಲಾರವು; ಅವನ್ನು ಕೈಯಲ್ಲಿಯೇ ಎಣಿಸಬೇಕು, ತಬಲೆಯ ಮೇಲೆ ಬೆರಳಿಂದಲೇ ನುಡಿಸಬೇಕು. ಫ್ರಾನ್ಸಿನ ಲೂಯಿ ಬ್ರೈಲ್ ಕಂಡುಹಿಡಿದ ಅಕ್ಷರಪದ್ಧತಿಯೂ ಅಂಥದೇ. ಆರು ಉಬ್ಬುಚುಕ್ಕಿಗಳಲ್ಲಿ ಯಾವವು ಎದ್ದಿವೆ, ಯಾವವು ಇಲ್ಲ ಎಂಬುದನ್ನು ಬೆರಳ ತುದಿ ಅರಿತರೆ ಅಕ್ಷರ ಒಲಿಯಿತು. ಕಣ್ಣಿಲ್ಲದ ಮಕ್ಕಳಿಗೆ ಬೆರಳು ಇಷ್ಟನ್ನು ಕೊಟ್ಟಿರುವಾಗ, ಕಣ್ಣಿರುವ ನಮ್ಮ ಮಕ್ಕಳ ಬೆರಳನ್ನು ನಾವು ಬರಡಾಗಿಸುವುದು ಸರಿಯೇ?

ಇಲ್ಲಿ ಒಂದು ಕಠೋರವಾದ ಮಾತನ್ನು ಹೇಳದೆ ಮುಂದುವರಿಯಲಾರೆವು. ಮಕ್ಕಳ ಬೆರಳು ಚುರುಕೆಂಬುದನ್ನು ಶಿಕ್ಷಣಕ್ಕಿಂತ ಮೊದಲು ಅರಿತುಕೊಂಡದ್ದು ಲಾಭದ ಲೆಕ್ಕ. ಧಾರವಾಡದಲ್ಲಿ ೧೯೭೨ರಲ್ಲಿ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಸಿದ್ಧವಾಯಿತು. ಅಲ್ಲಿಂದ ಮುಂದೆ ಹೈಬ್ರಿಡ್ ಬೀಜೋತ್ಪಾದನೆ ನಮ್ಮ ಭಾಗದ ರೈತರಿಗೆ ಆದಾಯ ತಂದಿತು. ಆ ಕೆಲಸದಲ್ಲಿ ಪ್ರತಿಯೊಂದು ಮೊಗ್ಗಿನ ಕೇಸರಗಳನ್ನು ಹಿಂದಿನ ದಿನ ಬೆರಳಿಂದ ಬಿಡಿಸಿ ತೆಗೆದು, ಮರುದಿನ ಬೆಳಿಗ್ಗೆ ಬೇರೆ ಹೂವಿನ ಪರಾಗವನ್ನು ಸೋಕಿಸಬೇಕು. ಆಂಧ್ರ, ಗುಜರಾತ, ಕರ್ನಾಟಕಗಳ ಇಂಥ ಹೊಲಗಳಲ್ಲಿ ಎಷ್ಟೋ ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ಶಾಲೆ ಬಿಟ್ಟು ದುಡಿದರು. "ಸಣ್ಣ ಬೆರಳಿಗೆ ಕೆಲಸ ಹಗುರ" ಎಂಬ ಸಬೂಬು ಆಗ ಕೇಳಿಬರುತ್ತಿತ್ತು. ೧೯೮೬ರ ಬಾಲಕಾರ್ಮಿಕ ಕಾಯಿದೆಗೆ ೨೦೧೬ರಲ್ಲಿ ತಂದ ತಿದ್ದುಪಡಿಯಂತೆ ಹದಿನಾಲ್ಕು ವರ್ಷದೊಳಗಿನ ಮಗುವನ್ನು ಯಾವ ಉದ್ಯೋಗದಲ್ಲಿಯೂ ದುಡಿಸಿಕೊಳ್ಳುವಂತಿಲ್ಲ. ಶಾಲೆಯ ವೇಳೆ ಕಳೆದ ಮೇಲೆ, ಅಪಾಯವಿಲ್ಲದ ಮನೆಗೆಲಸದಲ್ಲಿ ಕೈಗೂಡಿಸಲು ಅವಕಾಶವಿದೆ.

ಕಾಯಕದ ಹೆಸರಿನಲ್ಲಿಯೂ ಇದನ್ನು ಸಮರ್ಥಿಸಲು ಬಾರದು. ಕಾಯಕವು ಅರಿತು, ಒಲಿದು ಮಾಡತಕ್ಕದ್ದು. ಕೂಲಿಗಾಗಿ ಮಗುವಿನ ಬೆರಳನ್ನು ಒತ್ತೆಯಿಡುವುದು ಕಾಯಕವಾಗದು. ಎರಡಕ್ಕೂ ಇರುವ ಅಂತರವನ್ನು ಅಳೆಯಲು ಒಂದು ಸರಳ ಒರೆಗಲ್ಲುಂಟು. ಮಗು ಬೇಸತ್ತಾಗ "ಸಾಕು" ಎಂದು ಎದ್ದು ಹೋಗಬಹುದಾದರೆ ಅದು ಆಟ, ಅದು ಕಲಿಕೆ. ಏಳಲು ಬಿಡದಿದ್ದರೆ ಅದು ದುಡಿತ. ಹೊಲದಲ್ಲಿ ಕೂಡಿಸಿದರೂ ಅಷ್ಟೇ, ದಿನಕ್ಕೆ ಹತ್ತು ಪುಟ ಅಂಕಿ ತಿದ್ದಿಸಲು ಮೇಜಿನ ಮುಂದೆ ಕೂಡಿಸಿದರೂ ಅಷ್ಟೇ.

ಎಡಚ ಮಕ್ಕಳ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಮಗು ಎಡಗೈಯಿಂದ ಕಾಳು ಹೆಕ್ಕಿದರೆ ಕೈಯ ಮೇಲೆ ಹೊಡೆಯುವ ರೂಢಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಯಾವ ಕೈ ಮುಂದಾಗಬೇಕೆಂಬುದು ಮೆದುಳಿನ ರಚನೆಯಿಂದ ನಿರ್ಧಾರವಾಗುತ್ತದೆ, ಹಟದಿಂದಲ್ಲ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಯೇ ಧರಿಸಿ ಪೂಜಿಸುವ ನಾವು ಎಡಗೈಯನ್ನು ಹೀನವೆಂದು ಬಗೆಯುವುದು ನಮ್ಮ ಧರ್ಮಕ್ಕೇ ಒಪ್ಪದ ಮಾತು. ಆ ಮಗು ತನ್ನ ಕೈಯಿಂದಲೇ ಎಣಿಸಲಿ, ತನ್ನ ಕೈಯಿಂದಲೇ ಬರೆಯಲಿ.

ತಾಯಂದಿರು ಪಾಲಿಸಬೇಕಾದ ಕೆಲವು ಎಚ್ಚರಗಳುಂಟು. ಮೂರು ವರ್ಷದೊಳಗಿನ ಮಗು ಎಲ್ಲವನ್ನೂ ಬಾಯಿಗೆ ಒಯ್ಯುತ್ತದೆ. ಅದಕ್ಕೆ ಕಾಳು, ಮಣಿ, ಹುಣಸೆಬೀಜ ಬೇಡ. ಬಟ್ಟಲು, ಚಮಚೆ, ದೊಡ್ಡ ಈರುಳ್ಳಿ, ನಿಂಬೆಹಣ್ಣು ಸಾಕು. ದೊಡ್ಡ ಮಕ್ಕಳೂ ಕಾಳನ್ನು ಮೂಗಿಗೆ, ಕಿವಿಗೆ ತುರುಕಿಕೊಳ್ಳುವುದುಂಟು. ಆದ್ದರಿಂದ ಹಿರಿಯರೊಬ್ಬರು ಪಕ್ಕದಲ್ಲಿರಲೇಬೇಕು. ನೋಡಲು ಚೆಂದವೆಂದು ಗುಲಗಂಜಿಯನ್ನು ಕೊಡಬಾರದು, ಅದರ ಬೀಜ ವಿಷಯುಕ್ತ. ಗಡಿಯಾರದ ಗುಂಡಿಯಂಥ ಬ್ಯಾಟರಿಗಳು ಮಗುವಿನ ಕೈಗೆ ಸಿಗದಂತಿರಲಿ, ನುಂಗಿದರೆ ಪ್ರಾಣಾಪಾಯ. ನಾಲ್ಕು ವರ್ಷ ದಾಟಿದರೂ ಸಣ್ಣ ವಸ್ತುವನ್ನು ಬೆರಳ ತುದಿಯಿಂದ ಎತ್ತಲು ಬಾರದಿದ್ದರೆ, ಅಥವಾ ಹಿಂದೆ ಬರುತ್ತಿದ್ದದ್ದು ಈಗ ಬಾರದಂತಾದರೆ, ಬೈಯದೆ ಮಕ್ಕಳ ವೈದ್ಯರಿಗೆ ತೋರಿಸುವುದು ಮೇಲು.

೧೯೭೫ರ ಅಕ್ಟೋಬರ್ ೨ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಅಂಗನವಾಡಿಗಳನ್ನು ನಮ್ಮ ಹಳ್ಳಿಗಳಿಗೆ ತಂದಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಗೆ ಆಟವನ್ನೇ ಅಡಿಗಲ್ಲಾಗಿ ಹೇಳಿದೆ. ಹೀಗಿರುವಾಗ ಅಂಗನವಾಡಿಯಲ್ಲಿ ಕಾಳು ಜೋಡಿಸಿ ಬಂದ ಮಗುವನ್ನು, "ಬರೀ ಆಟ ಆಡಿಸಿ ಕಳಿಸ್ತಾರ" ಎಂದು ಹೀಗಳೆಯುವುದನ್ನು ನಾವು ಬಿಡಬೇಕು. ನೆರೆಮನೆಯ ಮಗು ಇಂಗ್ಲಿಷ್ ಅಂಕಿಗಳನ್ನು ಬರೆಯುತ್ತದೆಂಬ ಅಂಜಿಕೆಯಿಂದ ನಮ್ಮ ಮಗುವಿನ ಮಣಿಕಟ್ಟನ್ನು ನೋಯಿಸುವುದು ಬೇಡ. ಷಟ್‌ಸ್ಥಲದಲ್ಲಿ ಭಕ್ತಸ್ಥಲವನ್ನು ದಾಟದೆ ಮುಂದಿನ ಸ್ಥಲಕ್ಕೆ ಹೆಜ್ಜೆಯಿಲ್ಲ. ಎಳೆಯರ ಕಲಿಕೆಯಲ್ಲಿಯೂ ಮೊದಲು ಹೆಕ್ಕುವುದು, ಆಮೇಲೆ ಪೋಣಿಸುವುದು, ಆಮೇಲೆ ಎಣಿಸಿ ಕೊಡುವುದು, ಬರೆಯುವುದು ಕೊನೆಗೆ. ಮೊದಲ ಮೂರು ನೆಲೆಗೊಂಡಿದ್ದರೆ ನಾಲ್ಕನೆಯದಕ್ಕೆ ಅಳು ಬೇಕಾಗುವುದಿಲ್ಲ.

ನಮ್ಮ ಬಿನ್ನಹ ಇಷ್ಟೇ. ದಿನಕ್ಕೆ ಹತ್ತು ನಿಮಿಷ, ಸಂಜೆ ದೀಪ ಹಚ್ಚುವ ಮೊದಲು, ಮೊಬೈಲನ್ನು ಮಾಡದಲ್ಲಿಟ್ಟು ಮನೆಯ ಹಿರಿಯರೊಬ್ಬರು ಮಗುವಿನೊಡನೆ ನೆಲದ ಮೇಲೆ ಕೂಡಲಿ. ತಾಯಿಯೇ ಆಗಬೇಕೆಂದಿಲ್ಲ, ಅಂಗಡಿಯಿಂದ ಬಂದ ತಂದೆಯೂ, ಹೊಲದಿಂದ ಬಂದ ಅಜ್ಜನೂ ಕೂಡಬಹುದು. ನಡುವೆ ಒಂದು ತಟ್ಟೆ ಕಾಳು, ಎರಡು ಬಟ್ಟಲು. ಮಗು ಎಣಿಸಲಿ; ಹಿರಿಯರು ತಿದ್ದುವ ಅವಸರ ಮಾಡದಿರಲಿ. ಒಂದು ದಿನ ಆ ಮಗು ತಾನಾಗಿಯೇ ನಾಲ್ಕು ಕಾಳುಗಳನ್ನು ಒಂದೊಂದಾಗಿ ಎತ್ತಿ ನಿಮ್ಮ ಅಂಗೈಯಲ್ಲಿಟ್ಟು, ಇನ್ನು ಸಾಕೆಂದು ತನ್ನ ಕೈಯನ್ನು ಹಿಂದಕ್ಕೆ ಸೆಳೆದುಕೊಳ್ಳುವುದು. ನಾಲ್ಕೆಂದರೇನೆಂದು ಅಂದು ಅದಕ್ಕೆ ತಿಳಿಯಿತೆಂದು ಅರಿಯಿರಿ. ನೂರು ತಾನಾಗಿ ಬರುವುದು.

ಮನೆಮನೆಯ ಎಳೆಯ ಕೈಗಳು ಹದಗೊಂಡು, ಕಾಯಕಕ್ಕೂ ದಾಸೋಹಕ್ಕೂ ಒದಗಲೆಂದು ಹಾರೈಸುತ್ತೇವೆ.